ಎಲೆಅಡಿಕೆಯವನ ಹಾಡು

ನಮ್ಮ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ರಾತ್ರಿಯ ಊಟ ಮುಗಿಯುತ್ತದೆ. ಮೂಡುಬಿದಿರೆಯ ಜೈನರ ಮನೆಗಳಲ್ಲಿ ಇದೇನು ಹೊಸತಲ್ಲ. ಕೈ ತೊಳೆದು ಹೊರಗೆ ಬಂದರೆ ಆಕಾಶದಲ್ಲಿ ಬಣ್ಣ ಇನ್ನೂ ಉಳಿದಿರುತ್ತದೆ, ಮಾಡಲಿಕ್ಕೆ ಕೆಲಸ ಮಾತ್ರ ಏನೂ ಇರುವುದಿಲ್ಲ. ಆ ಹೊತ್ತಿನಲ್ಲಿ ನಾನೂ ಅಪ್ಪನೂ ಜಗಲಿಯಲ್ಲಿ ಕೂತು ಒಂದು ಹಾಡಿನ ಅರ್ಥಕ್ಕಾಗಿ ಜಗಳವಾಡುತ್ತಿದ್ದೆವು.

ಹಾಡು ಕರಾವಳಿಯ ಯಾರೋ ಹುಡುಗರದ್ದು. ಸಿನಿಮಾದ್ದಲ್ಲ. ತಾವೇ ಬರೆದು, ಯಾರದೋ ಮನೆಯ ಕೋಣೆಯಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ್ದು. ಇಂಡೀ ರಾಕ್ ಎನ್ನುತ್ತಾರೆ. ಬೆಳ್ತಂಗಡಿಯ ಶಾಲೆಗೆ ಪಾಠ ಮಾಡಲು ಹೋಗುವ ನಾನು ಬಸ್ಸಿನ ಕಿಟಕಿಗೆ ತಲೆ ಆನಿಸಿ ಅದನ್ನೇ ಕೇಳುತ್ತಿದ್ದೆ. ವೇಣೂರು ದಾಟುವಷ್ಟರಲ್ಲಿ ಕಣ್ಣು ತೂಗುತ್ತಿತ್ತು, ಹೊರಗಿನ ಮಂಜೂ ಗಿಟಾರಿನ ಗುಂಯ್‌ಗುಡುವಿಕೆಯೂ ಒಂದೇ ಆಗಿಬಿಡುತ್ತಿದ್ದವು. ಇಡೀ ಹಾಡಿನಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದುದು ಒಂದೇ ಸಾಲು: ‘ದೀಪ ಹಚ್ಚಬೇಡ, ಇನ್ನೂ ಸ್ವಲ್ಪ ಬೆಳಕುಂಟು.’ ಉಳಿದದ್ದನ್ನೆಲ್ಲ ಹಾಡುವವನು ನುಂಗಿಬಿಡುತ್ತಿದ್ದ. ಯಾರು ಯಾರಿಗೆ ಹೇಳುವ ಮಾತು ಅದು ಎಂದು ಎಷ್ಟು ಸಲ ಕೇಳಿದರೂ ತಿಳಿಯುತ್ತಿರಲಿಲ್ಲ. ನನಗೆ ಇಷ್ಟವಾದದ್ದೂ ಅದೇ.

ಅಪ್ಪ ಕನ್ನಡ ಮೇಷ್ಟರಾಗಿ ನಿವೃತ್ತರಾದವರು. ಅರ್ಥವಾಗದ ಪದ್ಯ ಕಂಡರೆ ಅವರಿಗೆ ಮೈ ಉರಿ. ಮೊದಲ ಸಲ ಕೇಳಿದಾಗಲೇ, “ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಹಾಡ್ತಾನೆ. ಮೊದಲು ಉಗಿದು ಬರ್ಲಿಕ್ಕೆ ಹೇಳು” ಎಂದರು. ಮರುದಿನ ಊಟವಾದ ಮೇಲೆ ಅವರೇ, “ಎಲ್ಲಿ, ಆ ಎಲೆಅಡಿಕೆಯವನನ್ನು ಹಾಕು” ಎಂದರು.

ಅಪ್ಪನ ಪ್ರಕಾರ ಅದು ಹೊಳೆ ದಾಟಿ ಬರುವ ದೋಣಿಯವನು ದಡದಲ್ಲಿ ಕಾಯುವ ಹೆಂಡತಿಗೆ ಹೇಳುವ ಮಾತು. ಬಂಟ್ವಾಳದಲ್ಲಿ ಬಟ್ಟೆ ಅಂಗಡಿ ನೋಡಿಕೊಳ್ಳುವ ನನ್ನ ಬ್ಯಾರಿ ಗೆಳತಿಗೂ ಹಾಡು ಕಳಿಸಿದ್ದೆ. ಅವಳ ಗಂಡ ದುಬೈಯಲ್ಲಿ. “ಇದು ಗಲ್ಫಿನವನ ಹಾಡು ಮಾರಾಯ್ತಿ. ನಾವು ಇಲ್ಲಿ ದೀಪ ಹಾಕುವಾಗ ಅಲ್ಲಿ ಇನ್ನೂ ಬಿಸಿಲು ಉಂಟಲ್ಲ” ಎಂದು ಅವಳು ಧ್ವನಿ ಸಂದೇಶ ಕಳಿಸಿದಳು. ನನಗೆ ಮಾತ್ರ ಅದು ಮನೆಯೇ ತನ್ನ ಜನರಿಗೆ ಹೇಳುವ ಮಾತು ಅನಿಸುತ್ತಿತ್ತು. “ಮನೆ ಮಾತಾಡ್ತದಾ? ಹಾಗಾದ್ರೆ ಅಂಗಳ ಗುಡಿಸ್ಲಿಕ್ಕೂ ಅದಕ್ಕೇ ಹೇಳು” ಎಂದು ಅಪ್ಪ ನಗಾಡುತ್ತಿದ್ದರು.

ಕಳೆದ ಮಳೆಗಾಲದ ಕೊನೆಗೆ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಶಬ್ದ ಬರುತ್ತದೆ, ಪದವಾಗುವುದಿಲ್ಲ. ನಾನು ಆ ಹಾಡನ್ನು ಮನೆಯಲ್ಲಿ ಹಾಕುವುದನ್ನೇ ಬಿಟ್ಟೆ. 

ಸಂಜೆಯಾದರೆ ಅಪ್ಪ ಚಡಪಡಿಸುತ್ತಿದ್ದರು. ಸರಿಯಿದ್ದ ಎಡಗೈಯನ್ನು ಕಿಟಕಿಯ ಕಡೆ ಚಾಚಿ ಏನೋ ಹೇಳುತ್ತಿದ್ದರು. “ಹೊತ್ತು ಮುಳುಗ್ತದೆ ಅಂತ ಹೆದರಿಕೆ ಅವರಿಗೆ. ಕತ್ತಲಾದ ಮೇಲೆ ಒಂದು ದಿನವೂ ಉಂಡವರಲ್ಲ” ಎಂದು ಅಮ್ಮ ಊಟವನ್ನು ಬೇಗ ಮಾಡಿದರು. ಅಪ್ಪನ ಚಡಪಡಿಕೆ ಹೆಚ್ಚಿತು. ಅಮ್ಮ ಇನ್ನೂ ಬೇಗ ಮಾಡಿದರು. ಕೊನೆಗೆ ಚಹಾದ ಹೊತ್ತಿಗೇ ಗಂಜಿ ಬಂತು. ಅಪ್ಪ ಬಟ್ಟಲನ್ನು ದೂಡಿದರು. ನಾವೆಲ್ಲ “ಹೌದಪ್ಪ, ಹೌದು” ಎನ್ನುತ್ತ ಬೆನ್ನು ಸವರಿದೆವು.

ಒಂದು ದಿನ ಬಸ್ಸಿನಲ್ಲಿ ಮೊಬೈಲಿನಲ್ಲಿ ಬೇರೇನೋ ಕೇಳುತ್ತಿದ್ದಾಗ ಆ ಹಾಡು ತಾನಾಗಿ ಬಂತು. ನುಂಗಿದ ಸಾಲುಗಳಲ್ಲಿ ಪದ ಸಿಗದಿದ್ದರೂ ಹಾಡುವವನು ಬೇಡುತ್ತಿದ್ದಾನೋ ರೇಗುತ್ತಿದ್ದಾನೋ ಎಂದು ದನಿಯಲ್ಲೇ ಗೊತ್ತಾಗುತ್ತದೆ. ಅಪ್ಪನ ದನಿ ನೆನಪಾಯಿತು. ಅದರಲ್ಲಿ ಹೆದರಿಕೆ ಇರಲೇ ಇಲ್ಲ, ಇದ್ದದ್ದು ರೇಗಾಟ. ಮತ್ತೆ ಆ ಕೈ? ಕಿಟಕಿಯ ಕೆಳಗಿನ ಬೆಂಚಿನಲ್ಲಿ ನಾನು ದಿನವೂ ಇಡುವ ಚೀಲದ ಕಡೆ ಅದು ಚಾಚುತ್ತಿತ್ತು. ನನ್ನ ಮೊಬೈಲ್ ಇರುವುದು ಅದರಲ್ಲಿ. ಮನೆ ಮುಟ್ಟುವವರೆಗೂ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಆ ದಿನ ಊಟ ಹಳೆಯ ಹೊತ್ತಿಗೇ ಆಯಿತು. ಅಪ್ಪನನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ ಹಾಡು ಹಾಕಿದೆ. ಅವರು ಅಲುಗಾಡದೆ ಕೇಳಿದರು. ಮುಗಿದ ಮೇಲೆ ಉದ್ದಕ್ಕೆ ಏನೋ ಹೇಳಿದರು. ಒಂದು ಪದವೂ ತಿಳಿಯಲಿಲ್ಲ. ‘ಹೌದಪ್ಪ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಅಲ್ಲಪ್ಪ, ನೀವು ಹೇಳುವುದು ತಪ್ಪು. ದೋಣಿಯವನು ಎಲ್ಲಿಂದ ಬಂದ? ಮನೆಯೇ ಹೇಳುವುದು” ಎಂದೆ.

“ಕಾಯಿಲೆಯವರ ಹತ್ತಿರ ವಾದ ಮಾಡ್ತಾರಾ ಮಗಾ?” ಎಂದು ಅಮ್ಮ ಒಳಗಿಂದ ಗದರಿದರು.

ಅಪ್ಪ ಕುರ್ಚಿಯ ಕೈಯನ್ನು ಪಟಪಟ ಬಡಿದರು. ಕಣ್ಣು ಅರಳಿತ್ತು. ಮೊದಲಿಗಿಂತ ಉದ್ದವಾಗಿ, ಜೋರಾಗಿ ನನ್ನನ್ನು ಖಂಡಿಸಿದರು. ಅಷ್ಟು ತಿಂಗಳಲ್ಲಿ ಅವರ ಮಾತಿಗೆ ಎದುರಾಡಿದವರು ಯಾರೂ ಇರಲಿಲ್ಲ. ನನಗೆ ಅಳು ಬಂತು, ನಗುವೂ ಬಂತು, ಆದರೆ ವಾದ ಬಿಡಲಿಲ್ಲ.

ಅಮ್ಮ ಹೊರಗೆ ಬಂದು ಲೈಟಿನ ಸ್ವಿಚ್ಚಿಗೆ ಕೈ ಹಾಕಿದರು. ಅಪ್ಪ ಎಡಗೈ ಎತ್ತಿ ತಡೆದರು.