ಉಪ್ಪು ಕರಗಿದ ಅಧ್ಯಾಯ

ನನ್ನ ಪಿಎಚ್‌.ಡಿ. ವಿಷಯ ಕೆಮಿಸ್ಟ್ರಿಯಲ್ಲ, ಡಿಗ್ರಿ ಓದುವವರು ಕೆಮಿಸ್ಟ್ರಿಯನ್ನು ಹೇಗೆ ಕಲಿಯುತ್ತಾರೆ ಎಂಬುದು. ಅತ್ತೆಯವರಿಗೆ ಇದು ಹಿಡಿಸಿಲ್ಲ. ಪಾಠ ಮಾಡೋಳು ನೀನು, ಅವರು ಹೇಗೆ ಕಲೀತಾರೆ ಅಂತ ನಿನಗೇ ಗೊತ್ತಿಲ್ಲವಾ ಎಂದು ಕೇಳುತ್ತಾರೆ. ಗೊತ್ತಿದ್ದರೆ ನಾನ್ಯಾಕೆ ಸೊರಬದಿಂದ ಶಿಕಾರಿಪುರಕ್ಕೆ ಬಸ್ಸಿನಲ್ಲಿ ಜೋತಾಡಿಕೊಂಡು ಥೀಸಿಸ್ ತಿದ್ದುತ್ತಿದ್ದೆ?

ಕೆಲಸವೇನೋ ಸುಲಭ. ಶಿಕಾರಿಪುರದ ನಮ್ಮ ಕಾಲೇಜಿನವರನ್ನು ಒಬ್ಬೊಬ್ಬರಾಗಿ ಕೂರಿಸಿ, ಒಂದು ಲೋಟ ನೀರಿಗೆ ಚಮಚ ಉಪ್ಪು ಹಾಕಿ ಕಲಕಿ, ಏನಾಯಿತು ಎಂದು ಕೇಳಿ, ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡುವುದು. ಹೆಚ್ಚಿನವರು ಕರಗಿತು ಅಂದರು, ಒಂದಿಬ್ಬರು ಇಂಗ್ಲಿಷಿನಲ್ಲಿ ಡಿಸಾಲ್ವ್ ಆಯಿತು ಅಂದರು. ಇನ್ನೇನು ಅನ್ನಬೇಕು?

ನನ್ನ ಗೈಡ್ ಹೊರರಾಜ್ಯದವರು, ಸಜ್ಜನರು. ಕನ್ನಡ ಅವರಿಗೆ ಹೋಟೆಲಿನಲ್ಲಿ ಊಟ ತರಿಸುವಷ್ಟು ಬರುತ್ತದೆ. ನಾನು ಕಳಿಸಿದ ಉತ್ತರಗಳನ್ನು ಅನುವಾದದ ಆ್ಯಪಿಗೆ ಹಾಕಿದರು. ಅದು ಕರಗಿದ್ದನ್ನೆಲ್ಲ ಮೆಲ್ಟ್ ಮಾಡಿ ಕೊಟ್ಟಿತು. ಇಂಗ್ಲಿಷಿನಲ್ಲಿ ಐಸ್ ಮೆಲ್ಟ್ ಆಗುತ್ತದೆ, ಉಪ್ಪು ಡಿಸಾಲ್ವ್ ಆಗುತ್ತದೆ. ನಮ್ಮಲ್ಲಿ ಐಸೂ ಕರಗುತ್ತದೆ, ಉಪ್ಪೂ ಕರಗುತ್ತದೆ, ಅತ್ತು ಕರೆದರೆ ಕೆಲವರ ಮನಸ್ಸೂ ಕರಗುತ್ತದೆ. ಗೈಡ್ ಕುಣಿದಾಡುವುದೊಂದು ಬಾಕಿ. ಉಪ್ಪು ಐಸಿನ ಹಾಗೆ ಮೆಲ್ಟ್ ಆಗುತ್ತದೆ ಎಂದು ಇಡೀ ಕಾಲೇಜಿನಲ್ಲಿ ಒಂದೇ ತಪ್ಪು ಕಲ್ಪನೆ ಸಿಗುವುದು ಅಪರೂಪ, ಇದೇ ಮುಖ್ಯ ಅಧ್ಯಾಯವಾಗಲಿ, ಈ ವರ್ಷವೇ ಥೀಸಿಸ್ ಸಲ್ಲಿಸಿಬಿಡಿ ಅಂದರು.

ಬಾಯಿ ಮುಚ್ಚಿಕೊಂಡಿದ್ದರೆ ಡಾಕ್ಟರ್ ಆಗಿಬಿಡುತ್ತಿದ್ದೆ. ಆದರೆ ನನ್ನ ವಿದ್ಯಾರ್ಥಿಗಳನ್ನು ದಡ್ಡರೆನ್ನುವ ಹಕ್ಕು ನನ್ನದು, ಅದನ್ನು ಆ್ಯಪಿಗೆ ಬಿಟ್ಟುಕೊಡಲಾರೆ. ಇದು ನಮ್ಮ ಭಾಷೆಯ ಮಾತು, ತಪ್ಪು ಕಲ್ಪನೆಯಲ್ಲ ಎಂದು ವಾದಿಸಿದೆ. ಹುಡುಗರ ಜೊತೆ ಇದ್ದೂ ಇದ್ದೂ ಆ ಕಲ್ಪನೆ ನಿಮಗೂ ಅಂಟಿದೆ ಅಂದರು ಗೈಡ್. ಮೈಯೆಲ್ಲ ಉರಿದುಹೋಯಿತು. ನೀವೇ ಬಂದು ಕೇಳಿ ಸರ್ ಅಂದೆ. ಪುಣ್ಯಾತ್ಮರು ಬಂದೇಬಿಟ್ಟರು.

ಮೊದಲು ಈಸೂರಿನ ಕಡೆಯ, ಕುರಿ ಸಾಕುವ ಮನೆಯ ಹುಡುಗನನ್ನು ಕೂರಿಸಿದೆ. ಉಪ್ಪು ಏನಾಗುತ್ತೆ ಅಂದರೆ ಕರಗ್ತೈತ್ರಿ ಅಂದ. ಐಸು ಅಂದರೆ ಅದೂ ಕರಗ್ತೈತ್ರಿ ಅಂದ. ಗೈಡ್ ಕೇಸು ಗೆದ್ದ ವಕೀಲರ ಹಾಗೆ ನನ್ನನ್ನು ನೋಡಿದರು. ಎರಡೂ ಒಂದೇನೋ ಎಂದು ನಾನು ಕೇಳಿದೆ.

"ಅದೆಂಗ್ರಿ ಮೇಡಂ? ಐಸು ತಾನೇ ನೀರಾಗ್ತೈತಿ. ಉಪ್ಪು ನೀರಾಗಲ್ರಿ, ನೀರಾಗ ಸೇರ್ಕಂತೈತಿ. ಉಪ್ಪುನೀರಿನ ತೊಟ್ಟಿ ಒಣಗಿದ್ರೆ ನಮ್ಮ ಕುರಿ ಬಂದು ತಳದಾಗಿನ ಉಪ್ಪು ನೆಕ್ತಾವು."

ಕುರಿಗಳ ಸಮೇತ ಅದನ್ನು ಇಂಗ್ಲಿಷಿಗೆ ತಂದು ಒಪ್ಪಿಸಿದೆ. ಗೈಡ್ ಪ್ರಾಮಾಣಿಕರು, ತಕ್ಷಣ ಒಪ್ಪಿಕೊಂಡರು. ನನ್ನ ಖುಷಿ ಬಹಳ ಹೊತ್ತು ಬಾಳಲಿಲ್ಲ. ಹಾಗಾದರೆ ಡಿಸಾಲ್ವ್ ಅಂದವರನ್ನೂ ಕೇಳಿ ನೋಡೋಣ ಎಂದರು. ತರಗತಿಗೇ ಮೊದಲನೆಯವಳು, ಸೊರಬದ ಹುಡುಗಿ, ಬಂದು ಕೂತಳು. ಅವರು ಇಂಗ್ಲಿಷಿನಲ್ಲಿ ಕೇಳಿದರು, ಅವಳು ಪುಸ್ತಕದಲ್ಲಿದ್ದದ್ದನ್ನು ಇಂಗ್ಲಿಷಿನಲ್ಲೇ ಒಂದೇ ಉಸಿರಿಗೆ ಒಪ್ಪಿಸಿದಳು. ಸರಿ, ಈಗ ಉಪ್ಪು ಎಲ್ಲಿದೆ ಎಂದು ಕೇಳಿದರು. ಅವಳು ಲೋಟ ನೋಡಿದಳು, ನನ್ನನ್ನು ನೋಡಿದಳು, "ನೋ ಸಾಲ್ಟ್, ಸರ್" ಅಂದಳು.

ಮೊದಲನೆಯವಳದೇ ಹೀಗಾದರೆ ಉಳಿದವರ ಉತ್ತರವನ್ನು ನಂಬುವುದು ಹೇಗೆ? ಎಲ್ಲರನ್ನೂ ಮತ್ತೆ ಮೊದಲಿನಿಂದ ಕೇಳಿ, ಈ ವರ್ಷ ಸಲ್ಲಿಸುವುದು ಬೇಡ ಎಂದು ನಯವಾಗಿ ಹೇಳಿ ಗೈಡ್ ಕಾರು ಹತ್ತಿದರು. ವಾದ ಗೆದ್ದು ಥೀಸಿಸ್ ಕಳಕೊಂಡವಳು ನಾನೊಬ್ಬಳೇ ಇರಬೇಕು.

ಸಂಜೆ ಬಸ್ಸಿನಲ್ಲಿ ಆ ಹುಡುಗಿಯೇ ಬಂದು ಪಕ್ಕದಲ್ಲಿ ಕೂತಳು. ಸಿಟ್ಟಿಗೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಶಿರಾಳಕೊಪ್ಪ ದಾಟಿದ ಮೇಲೆ ತಡೆಯಲಾಗಲಿಲ್ಲ. ಉಪ್ಪು ಎಲ್ಲಿಗೆ ಹೋಯಿತೇ ಮಾರಾಯ್ತಿ, ಆ ನೀರು ಕುಡಿದರೆ ಉಪ್ಪಾಗಿರಲ್ವಾ ಎಂದು ಕೇಳಿದೆ.

"ಅಲ್ಲೇ ಇರ್ತದೆ ಅಂತ ನಂಗೂ ಗೊತ್ತು ಮೇಡಂ. ಕಣ್ಣಿಗೆ ಕಾಣದ ಹಾಗೆ ನೀರೊಳಗೆಲ್ಲ ಹರಡ್ಕೊಂಡಿರ್ತದೆ." ಬ್ಯಾಗಿನ ದಾರ ಎಳೆದು ಬಿಗಿದಳು. "ಅಷ್ಟೆಲ್ಲ ಇಂಗ್ಲಿಷಲ್ಲಿ ಹೇಳೋಕೆ ಬರ್ಲಿಲ್ಲ. ಉಪ್ಪೇ ಇಲ್ಲ ಅಂದ್ಬಿಡೋದು ಸುಲಭ ಆಯ್ತು."