ಕಬ್ಬೂರ ಡಾಕ್ಟರರ ಕಡಕ್ ರೊಟ್ಟಿ

ನಮ್ಮ ಧನಕವಡಿಯ ದಂತವೈದ್ಯ ಕಬ್ಬೂರರು ಯಾರ ಮುಖವನ್ನೂ ನೋಡುವುದಿಲ್ಲ, ದವಡೆ ನೋಡುತ್ತಾರೆ. ರಿಕ್ಷಾದವನಿಗೆ ಮರಾಠಿಯಲ್ಲಿ, ಅಕ್ಷತೆ ಹಾಕುವಾಗ ಮದುಮಗನಿಗೆ ಕನ್ನಡದಲ್ಲಿ, "ತುಟಿ ಮುಚ್ಚಿರ್ಲಿ, ಹಲ್ಲಿಗೆ ಹಲ್ಲು ತಾಗಬಾರ್ದು" ಎಂದು ಹೇಳಿಯೇ ಮುಂದೆ ಹೋಗುವವರು. ನಿದ್ದೆಯಲ್ಲಿ ಹಲ್ಲು ಕಡಿದು ತಲೆನೋವು ತಂದುಕೊಂಡಿದ್ದ ನನಗೂ, ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಗಾರ್ಡ್ ಮಾಡಿಕೊಟ್ಟು, "ಆಫೀಸಿನ ಸಿಟ್ಟು ಬಾಯಾಗ ಇಟ್ಕೊಂಡು ಮಲಗಬ್ಯಾಡ್ರಿ" ಎಂದು ಗದರಿದ್ದರು. ತಿಂಗಳಲ್ಲಿ ತಲೆನೋವು ಹೋಯಿತು. ಆ ಉಪಕಾರಕ್ಕೆ ಅವ್ವ ಬಡಿದ ಕಡಕ್ ರೊಟ್ಟಿಯ ಕಟ್ಟು ಒಯ್ದುಕೊಟ್ಟೆ. "ಭಾಳ ಚಲೋ ಆತ್ರಿ" ಎಂದವರೇ ಒಂದು ತುಂಡು ಮುರಿದು ಚಹಾದಲ್ಲಿ ಅದ್ದಿ, ಮೆತ್ತಗಾಗುವ ತನಕ ಕಾದರು. ಬಾಯಿ ತೆರೆದಾಗ ಕಂಡೆ, ಅವರ ಹಲ್ಲುಗಳೆಲ್ಲ ಅರ್ಧಕ್ಕೆ ಸವೆದಿದ್ದವು. "ನನಗ ಹೇಳೋರು ಯಾರೂ ಇರ್ಲಿಲ್ಲ ನೋಡ್ರಿ" ಎಂದು ನಕ್ಕರು.