ನಡುವೆ ಉಳಿದ ನಾಲ್ಕು ಹಾಳೆ

ಅಂಗಳದಲ್ಲಿ ಕೂತು ತೊಗರಿಬೇಳೆ ಕೇರುತ್ತಿದ್ದೆ. ಮೈದುನನ ಮಗಳು ಶಾಲೆಯಿಂದ ಓಡಿ ಬಂದವಳು ಪಾಟಿಚೀಲ ಸಹ ಇಳಿಸಲಿಲ್ಲ.

“ದೊಡ್ಡವ್ವ, ಸೋಮವಾರ ಅಕ್ಕ ಬಂದು ಕನ್ನಡದಾಗ ಒಂದು ಪಾಠ ಓದಬೇಕಂತ. ಓದಿದ್ರ ನಮ್ಮ ವರ್ಗದಾಗೇ ಕುಂದ್ರಿಸ್ತಾರ, ಇಲ್ಲಂದ್ರ ಹೆಸರು ತೆಗೀತಾರಂತ. ಕಲಿಸೋ ಬಾಯೋರು ಹೇಳ್ಯಾರ.”

ಒಳಗೆ ನನ್ನ ಮಗಳು ಕೌದಿ ಹೊದ್ದು ಮಲಗಿದ್ದಳು. ಮೂರು ದಿನಕ್ಕೊಮ್ಮೆ ಬರುವ ಚಳಿಜ್ವರ ವರ್ಷವಾದರೂ ಬಿಟ್ಟಿರಲಿಲ್ಲ. ಅದೇ ವರ್ಷ ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮನ ಆಳ್ವಿಕೆ ಹೋಯಿತು. ನಮ್ಮ ಹುಡುಗಿಯರ ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂತು. ನನ್ನವಳು ಕಲಿತಿದ್ದು ಉರ್ದು ಒಂದೇ. ಅವಳಿಗಿಂತ ಮೂರು ತಿಂಗಳು ಚಿಕ್ಕವಳಾದ ಈಕೆ ಮಾತ್ರ ದಿನಾ ಶಾಲೆಗೆ ಹೋಗಿ ಆ ಹೊಳೆ ದಾಟಿಬಿಟ್ಟಿದ್ದಳು. ಇಬ್ಬರೂ ಒಂದೇ ಆಕಳ ಹಾಲು ಕುಡಿದವರು. ಈಕೆಯ ತುಂಬಿದ ಗಲ್ಲ ಕಂಡರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಹಣೆಗೆ ಇಬತ್ತಿ ಹಚ್ಚಿಕೊಂಡು, ಈ ಉರಿ ತೆಗಿ ಶಿವನೇ ಎಂದು ಬೇಡುತ್ತಿದ್ದೆ. ಉರಿ ಹೋಗಲಿಲ್ಲ. ಮಗಳು ಒಂದು ಬಟ್ಟಲು ಗಂಜಿ ಕುಡಿದಳಲ್ಲ, ಅಷ್ಟಾದರೂ ಕೊಟ್ಟ ಎಂದುಕೊಳ್ಳುತ್ತಿದ್ದೆ.

ದಿನಾ ಸಂಜೆ ಈಕೆಯೇ ಹಾಸಿಗೆಯ ಬದಿ ಕೂತು ಪಾಠ ಹೇಳುತ್ತಿದ್ದಳು. ಆದರೂ ಕಮಲಾಪುರದಿಂದ ನನ್ನಣ್ಣ ತಂದ ಕೆಂಪು ಬಾಳೆಹಣ್ಣನ್ನು ಈಕೆಯ ಕಣ್ಣಿಗೆ ಬೀಳದಂತೆ ಜೋಳ ತುಂಬಿಡುವ ಗುಮ್ಮಿಯಲ್ಲಿ ಬಚ್ಚಿಟ್ಟಿದ್ದೆ.

ಶನಿವಾರ ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಅವರಿಬ್ಬರೂ ಪಾಠ ಬರೆಯುವ ವಹಿ ಸಿಕ್ಕಿತು. ಹಿಂದಿನ ರಟ್ಟು ತೆರೆದರೆ ಬರೀ ಉರ್ದು! ಶಾಲೆಯೇ ಬಿಟ್ಟದ್ದನ್ನು ಈಕೆ ಕಲಿಸುತ್ತಿದ್ದಾಳೆ.

“ನನ್ನ ಮಗಳು ನಾಪಾಸಾಗ್ಲಿ ಅಂತೇನ ಇದು?” ಎಂದು ಕೂಗಿದೆ.

ಒಲೆ ಮುಂದಿನಿಂದ ಹುಡುಗಿಯ ತಾಯಿ, ನನ್ನ ನೆಗೆಣ್ಣಿ, ಅಂದಳು: “ಯಕ್ಕಾ, ಕಣ್ಣಾಗ ಖಾರ ಬಿತ್ತೇನು? ಮುಂದಿಂದ ತೆಗದು ನೋಡು.”

ಮುಂದಿನಿಂದ ಕನ್ನಡವಿತ್ತು.

“ಅಕ್ಕಗ ಉರ್ದು ಬರ್ತದಲ್ಲ ದೊಡ್ಡವ್ವ, ಅರ್ಥ ಅದರಾಗ ಬರದೀನಿ,” ಎಂದು ಹುಡುಗಿ ಕಣ್ಣೊರೆಸಿಕೊಂಡಳು. ಉರ್ದು ಬರೆಯುವುದು ಬಲದಿಂದ, ಕನ್ನಡ ಎಡದಿಂದ; ಅದಕ್ಕೇ ಒಂದು ಹಿಂದಿನ ರಟ್ಟಿನಿಂದ, ಇನ್ನೊಂದು ಮುಂದಿನಿಂದ.

ನನ್ನ ಮಗಳು ಎಷ್ಟೋ ದಿನದ ಮೇಲೆ ನಕ್ಕಳು. “ನಡುವ ನಾಕು ಹಾಳಿ ಉಳದಾವ, ಅವ್ವ. ಎರಡೂ ಕೂಡಿದ್ರ ಪಾಠ ಮುಗೀತು.”

ನಾಚಿಕೆಯಾಯಿತು. ಹೊಟ್ಟೆಕಿಚ್ಚು ಮಾತ್ರ ಕಡಿಮೆಯಾಗಲಿಲ್ಲ. ಮಗಳ ಆ ನಗುವೂ ಈಕೆಯ ಕೈಯಿಂದಲೇ ಬಂದಿತ್ತಲ್ಲ!

ಜ್ವರ ಭಾನುವಾರವೇ ಬಂದು ಹೋಯಿತು, ದೇವರು ದೊಡ್ಡವನು. ಸೋಮವಾರ ಇಬ್ಬರೂ ಕೈ ಹಿಡಿದು ಊರ ಕೋಟೆ ಗೋಡೆಯ ಬದಿಯಿಂದ ಹೋದರು. ಮಧ್ಯಾಹ್ನ ತಿರುಗಿ ಬಂದರು.

“ಎರಡು ಕಡೆ ತಡವರಿಸಿದೆ ಅವ್ವ, ಆದ್ರ ಹೆಸರು ಉಳೀತು. ಜ್ವರ ಬಿಡೋತನಕ ಅರ್ಧ ದಿನ ಬಂದ್ರ ಸಾಕಂತ. ದಣಿವಾದ್ರ ಅಲ್ಲೇ ಚಾಪಿ ಮ್ಯಾಲ ಮಲಗು ಅಂದ್ರು.”

“ಕಲಿಸ್ದಾಕಿ ಯಾರ ಮಗಳು, ಹೇಳಬೇಕ?” ಎಂದಳು ನೆಗೆಣ್ಣಿ.

“ನಿನ್ನ ಮಗಳೇ, ತಾಯಿ,” ಎಂದೆ. ಎದ್ದು ಹೋಗಿ ಗುಮ್ಮಿಗೆ ಕೈ ಹಾಕಿದೆ.

ಒಂದೇ ಹಣ್ಣು ಉಳಿದಿತ್ತು, ಸಿಪ್ಪೆ ಕಪ್ಪಾಗಿತ್ತು. ಹುಡುಗಿಯ ಕೈಗಿಟ್ಟೆ.

“ಭಾಳ ಸಿಹಿ ಅದ, ದೊಡ್ಡವ್ವ.”

ಯಾವಾಗ ತಂದದ್ದು ಎಂದು ಅವಳು ಕೇಳಲಿಲ್ಲ. ಅದೂ ಒಂದು ಕರುಣೆಯೇ. ನಾದಿಟ್ಟ ಜೋಳದ ಹಿಟ್ಟು ಒಣಗುತ್ತಿತ್ತು, ನೀರು ಚಿಮುಕಿಸಿ ರೊಟ್ಟಿ ಬಡಿಯಲು ಕೂತೆ.